ಕೂಲಿಗೆ ಯಾವ ನಾಡಿನ ಅಳತೆ?

ದುಡಿದವನಿಗೆ ತಕ್ಕ ಕೂಲಿ ಸಲ್ಲಬೇಕೆಂಬ ಮಾತನ್ನು ಅಲ್ಲಗಳೆಯುವವರು ಯಾವ ದೇಶದಲ್ಲಿಯೂ ಇರಲಾರರು. ಆದರೆ 'ತಕ್ಕ' ಎಂಬ ಆ ಪದದ ಅರ್ಥವೇನು, ಅದನ್ನು ಅಳೆಯುವ ಕೊಳಗ ಯಾವುದು, ಎಂದು ಕೇಳಿದೊಡನೆ ಅಭಿಪ್ರಾಯಗಳು ಒಡೆದುಹೋಗುತ್ತವೆ. ಹುಟ್ಟಿದ ಊರಿನಲ್ಲಿಯೇ ನೆಲಸಿ, ಅಲ್ಲಿಯೇ ದುಡಿದು, ಅಲ್ಲಿಯ ಅಂಗಡಿಯಲ್ಲಿಯೇ ದಿನಸಿ ಕೊಳ್ಳುವವನ ವಿಷಯದಲ್ಲಿ ಈ ತೊಡಕು ಹೆಚ್ಚಾಗಿ ತೋರುವುದಿಲ್ಲ. ಆ ಊರಿನ ರೂಢಿಯೇ ಅಲ್ಲಿ ಅಳತೆಗೋಲಾಗುವುದು. ಮನೆ ಒಂದು ನಾಡಿನಲ್ಲಿ, ಒಡೆಯ ಮತ್ತೊಂದು ನಾಡಿನಲ್ಲಿ, ದುಡಿತ ಇನ್ನೂ ಹಲವು ನಾಡುಗಳಲ್ಲಿ ಹಂಚಿಹೋಗಿರುವ ಮನುಷ್ಯನ ಕೂಲಿಯನ್ನು ಯಾವ ಊರಿನ ಕೊಳಗದಿಂದ ಅಳೆಯಬೇಕು? ಯೂರೋಪು ಖಂಡದ ಹೆದ್ದಾರಿಗಳಲ್ಲಿ ಸರಕು ಸಾಗಿಸುವ ಲಾರಿ ಚಾಲಕರ ಬಾಳು ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ಮುಂದಿಟ್ಟಿದೆ. ಇದು ಕೇವಲ ಹಣಕಾಸಿನ ಲೆಕ್ಕವಲ್ಲ; ಧರ್ಮವಿಚಾರವೂ ಹೌದು.

ಯೂರೋಪಿನ ಒಕ್ಕೂಟದಲ್ಲಿ ಈಗ 27 ರಾಷ್ಟ್ರಗಳಿರುವುವು. ಅವುಗಳ ನಡುವೆ ಸರಕು ಸುಂಕವಿಲ್ಲದೆ ಗಡಿ ದಾಟುತ್ತದೆ. ಒಳನಾಡಿನ ಸಾಗಾಟದಲ್ಲಿ ಸುಮಾರು ಮುಕ್ಕಾಲು ಪಾಲು ರಸ್ತೆಯ ಮೇಲೆಯೇ ನಡೆಯುತ್ತದೆ. ಹೀಗೆ ಮಾರುಕಟ್ಟೆ ಒಂದಾದರೂ ಕೂಲಿ ಒಂದಾಗಲಿಲ್ಲ. 2024ನೆಯ ಇಸವಿಯ ಜನವರಿಯಲ್ಲಿ ಶಾಸನವು ಗೊತ್ತುಮಾಡಿದ ಕನಿಷ್ಠ ಮಾಸಿಕ ವೇತನವು ಲಕ್ಸೆಂಬರ್ಗಿನಲ್ಲಿ ಸುಮಾರು 2,571 ಯೂರೋ, ಬಲ್ಗೇರಿಯದಲ್ಲಿ ಸುಮಾರು 477 ಯೂರೋ ಆಗಿದ್ದಿತು. ಒಂದು ಇನ್ನೊಂದರ ಐದು ಪಟ್ಟಿಗೂ ಮಿಗಿಲು. ಎರಡು ದೇಶಗಳ ಬೆಲೆಗಳ ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂತರ ಬಹಳ ಕಿರಿದಾಗುವುದು ನಿಜ, ಆದರೆ ಇಲ್ಲವಾಗುವುದಿಲ್ಲ. ಆದುದರಿಂದ ಒಂದೇ ರಸ್ತೆಯಲ್ಲಿ, ಒಂದೇ ತೂಕದ ಸರಕನ್ನು ಹೊತ್ತು, ಒಂದೇ ನಿಯಮಕ್ಕೆ ಒಳಪಟ್ಟು ಹಿಂದುಮುಂದಾಗಿ ಸಾಗುವ ಎರಡು ಲಾರಿಗಳ ಚಾಲಕರಲ್ಲಿ ಒಬ್ಬನ ಗಳಿಕೆ ಮತ್ತೊಬ್ಬನ ಗಳಿಕೆಯ ಸಣ್ಣದೊಂದು ಪಾಲಾಗಿರುವುದು ಅಲ್ಲಿ ಅಪೂರ್ವವಾದ ಸಂಗತಿಯಲ್ಲ.

ಇದರಲ್ಲಿ ಇನ್ನೊಂದು ಮರ್ಮವುಂಟು. ಪೂರ್ವದ ದೇಶಗಳ ಎಷ್ಟೋ ಸಾಗಾಟದ ಸಂಸ್ಥೆಗಳು ಚಾಲಕನಿಗೆ ಮೂಲವೇತನವೆಂದು ಕೊಡುವುದು ತಮ್ಮ ದೇಶದ ಕನಿಷ್ಠ ವೇತನದ ಆಸುಪಾಸಿನ ಮೊತ್ತ; ಉಳಿದುದೆಲ್ಲ ಪರದೇಶದಲ್ಲಿ ಕಳೆದ ದಿನಗಳಿಗೆ ಕೊಡುವ ದಿನಭತ್ಯ. ಗಾಲಿ ಉರುಳುತ್ತಿರುವಷ್ಟು ಕಾಲ ಕೈಗೆ ಬರುವ ಹಣ ಹೇರಳವಾಗಿಯೇ ಕಾಣುವುದು. ಆದರೆ ಭತ್ಯಕ್ಕೆ ವಿಮೆಯ ವಂತಿಗೆಯಿಲ್ಲ. ಚಾಲಕನು ಕಾಯಿಲೆ ಬಿದ್ದ ದಿನ, ವೃದ್ಧಾಪ್ಯದಿಂದ ಕೈ ಸೋತ ದಿನ, ಲೆಕ್ಕಕ್ಕೆ ಬರುವುದು ಆ ಚಿಕ್ಕ ಮೂಲವೇತನ ಮಾತ್ರ. ದುಡಿಯುವ ಕಾಲದಲ್ಲಿ ಹೆಚ್ಚಾಗಿ ತೋರಿದ ಕೂಲಿಯು ದುಡಿಯಲಾರದ ಕಾಲದಲ್ಲಿ ಕರಗಿಹೋಗುತ್ತದೆ.

ಈ ವ್ಯವಸ್ಥೆಯನ್ನು ಸಮರ್ಥಿಸುವವರ ವಾದವನ್ನು ಮೊದಲು ಕೇಳುವುದು ನ್ಯಾಯ. ಅವರು ಹೇಳುವುದೇನೆಂದರೆ: ಹಣಕ್ಕೆ ತನ್ನದೇ ಆದ ಬೆಲೆಯಿಲ್ಲ, ಅದು ಏನನ್ನು ಕೊಂಡುಕೊಡುವುದೋ ಅದೇ ಅದರ ಬೆಲೆ. ಚಾಲಕನ ಹೆಂಡತಿ ಮಕ್ಕಳು ಉಣ್ಣುವುದು ಬಲ್ಗೇರಿಯದ ಹಳ್ಳಿಯಲ್ಲಿ. ಅಲ್ಲಿ ನೂರು ಯೂರೋಗೆ ದೊರೆಯುವಷ್ಟು ಸಾಮಗ್ರಿ ಲಕ್ಸೆಂಬರ್ಗಿನಲ್ಲಿ ದೊರೆಯದು. ಸಮಾನರಿಗೆ ಸಮಾನವಾಗಿ, ಅಸಮಾನರಿಗೆ ಅವರವರ ಪ್ರಮಾಣವರಿತು ಹಂಚುವುದೇ ನ್ಯಾಯವೆಂದು ಗ್ರೀಕ್ ದಾರ್ಶನಿಕನಾದ ಅರಿಸ್ಟಾಟಲನು ಬಹು ಹಿಂದೆಯೇ ಪ್ರತಿಪಾದಿಸಿದ್ದಾನಷ್ಟೆ. ಅಲ್ಲದೆ, ಬಡ ದೇಶಕ್ಕೆ ಸಿರಿವಂತ ದೇಶದೊಡನೆ ಸೆಣಸಲು ಇರುವ ಬಲವೆಂದರೆ ಕಡಿಮೆ ಕೂಲಿ. ಅದನ್ನು ಶಾಸನದಿಂದ ಕಿತ್ತುಕೊಂಡರೆ ಬಡವನ ಕೂಲಿ ಏರುವುದಿಲ್ಲ, ಅವನ ಕೆಲಸವೇ ಹೋಗುವುದು.

ಈ ವಾದವು ಬರಿಯ ಹುರುಳಿಲ್ಲದ ಮಾತಲ್ಲ. 2020ನೆಯ ಇಸವಿಯಲ್ಲಿ ಒಕ್ಕೂಟವು ಸಾಗಾಟದ ಕಟ್ಟಳೆಗಳನ್ನು ಬಿಗಿಗೊಳಿಸಿದಾಗ ಲಿಥುವೇನಿಯ, ಬಲ್ಗೇರಿಯ, ರುಮೇನಿಯ, ಸೈಪ್ರಸ್, ಹಂಗೆರಿ, ಮಾಲ್ಟ, ಪೋಲೆಂಡ್ ಎಂಬ ಏಳು ರಾಷ್ಟ್ರಗಳು ಒಕ್ಕೂಟದ ಮೇಲಣ ನ್ಯಾಯಸ್ಥಾನಕ್ಕೆ ಮೊರೆ ಹೋದುವು. 2024ರ ಅಕ್ಟೋಬರ್ 4ರಂದು ತೀರ್ಪು ಹೊರಬಿದ್ದಿತು. ಎಂಟು ವಾರಗಳಿಗೊಮ್ಮೆ ಲಾರಿಯನ್ನು ಅದರ ಸ್ವದೇಶಕ್ಕೆ ಮರಳಿಸಬೇಕೆಂಬ ವಿಧಿಯನ್ನು ನ್ಯಾಯಸ್ಥಾನವು ರದ್ದುಪಡಿಸಿತು. ಚಾಲಕರ ವೇತನಕ್ಕೂ ವಿಶ್ರಾಂತಿಗೂ ಸಂಬಂಧಿಸಿದ ವಿಧಿಗಳನ್ನು ಎತ್ತಿಹಿಡಿಯಿತು. ಯಂತ್ರವು ಮನೆಗೆ ಮರಳಬೇಕಾದ ಅವಶ್ಯಕತೆಯಿಲ್ಲ, ಮನುಷ್ಯನು ಮರಳಬೇಕು, ಎಂಬುದು ಆ ತೀರ್ಪಿನಿಂದ ಹೊರಡುವ ಸಾರ.

ಎದುರು ಪಕ್ಷದವರು ಹೇಳುವುದು ಇದಕ್ಕೆ ತೀರ ಭಿನ್ನವಾದುದು. ಕೆಲಸ ನಡೆದ ನೆಲವೇ ಕೂಲಿಯ ಅಳತೆಯಾಗಬೇಕು. ಒಂದೇ ನೆಲದಲ್ಲಿ ಒಂದೇ ಕೆಲಸಕ್ಕೆ ಎರಡು ಕೂಲಿ ಇರಬಾರದು ಎಂಬುದು ಅವರ ಮತ. 2022ರ ಫೆಬ್ರುವರಿ 2ರಿಂದ ಜಾರಿಗೆ ಬಂದ ನಿಯಮವು ಈ ಮತವನ್ನು ಅರ್ಧ ಒಪ್ಪಿದೆ. ಪರದೇಶದ ಒಳಗೇ ಒಂದೂರಿನಿಂದ ಇನ್ನೊಂದೂರಿಗೆ, ಅಥವಾ ಎರಡು ಪರದೇಶಗಳ ನಡುವೆ ಸರಕು ಸಾಗಿಸುವ ಚಾಲಕನಿಗೆ ಆಯಾ ದೇಶದ ವೇತನದ ಕಟ್ಟಳೆ ಅನ್ವಯಿಸುತ್ತದೆ. ಸ್ವದೇಶದಿಂದ ಪರದೇಶಕ್ಕೆ ನೇರವಾಗಿ ಸರಕು ಒಯ್ದು ಮರಳುವವನಿಗೂ, ಒಂದು ದೇಶವನ್ನು ಸುಮ್ಮನೆ ಹಾದುಹೋಗುವವನಿಗೂ ಅದು ಅನ್ವಯಿಸದು. ವ್ಯವಹಾರದಲ್ಲಿ ಇಂತಹ ಒಡಂಬಡಿಕೆ ಅನಿವಾರ್ಯವಿರಬಹುದು. ಆದರೆ ಒಡಂಬಡಿಕೆಯಾದ ಮಾತ್ರಕ್ಕೆ ಪ್ರಶ್ನೆ ಬಗೆಹರಿದಂತಾಗಲಿಲ್ಲ.

ಬಗೆಹರಿಯಬೇಕಾದರೆ ಕೂಲಿಯಿಂದ ಕ್ಷಣಕಾಲ ದೃಷ್ಟಿಯನ್ನು ತೆಗೆದು ನಿದ್ರೆಯ ಕಡೆಗೆ ಹೊರಳಿಸಬೇಕು. 2006ನೆಯ ಇಸವಿಯ ಒಂದು ಕಟ್ಟಳೆಯು ಒಕ್ಕೂಟದ ಎಲ್ಲ ಭಾರಿ ಲಾರಿಗಳ ಚಾಲಕರಿಗೂ ಸಮಾನವಾಗಿ ಅನ್ವಯಿಸುತ್ತದೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು ಲಾರಿ ನಡೆಸಕೂಡದು. ವಾರಕ್ಕೆ ಎರಡು ದಿನ ಮಾತ್ರ 10 ಗಂಟೆಯವರೆಗೆ ಹೋಗಬಹುದು. ವಾರಕ್ಕೆ 56 ಗಂಟೆ, ಒಂದರ ಮೇಲೊಂದು ಬರುವ ಎರಡು ವಾರಗಳಿಗೆ ಕೂಡಿ 90 ಗಂಟೆ, ಇದು ಮಿತಿ. ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ವಾರದ ಪೂರ್ಣ ವಿಶ್ರಾಂತಿ 45 ಗಂಟೆ. ಇವನ್ನೆಲ್ಲ ಲಾರಿಯಲ್ಲಿಟ್ಟ ಯಂತ್ರವೊಂದು ನಿಮಿಷ ತಪ್ಪದೆ ಬರೆದುಕೊಳ್ಳುತ್ತದೆ. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಬಲ್ಗೇರಿಯದವನಿಗೆ ಆರು ಗಂಟೆಯ ನಿದ್ರೆ ಸಾಕು, ಲಕ್ಸೆಂಬರ್ಗಿನವನಿಗೆ ಎಂಟು ಗಂಟೆ ಬೇಕು, ಎಂದು ಯಾವ ಶಾಸನಕಾರನೂ ವಾದಿಸಲಿಲ್ಲ. ಆಯಾಸಕ್ಕೆ ದೇಶಭೇದವಿಲ್ಲ, ನಿದ್ರೆಗೆ ನಾಣ್ಯವಿನಿಮಯದ ದರವಿಲ್ಲ ಎಂಬುದನ್ನು ಎಲ್ಲರೂ ತಕರಾರಿಲ್ಲದೆ ಒಪ್ಪಿದರು. ಒಪ್ಪದಿದ್ದರೆ ತೂಕಡಿಸುವ ಚಾಲಕನ ಲಾರಿಯು ದಾರಿಯಲ್ಲಿ ಸಿಕ್ಕವರ ಮೇಲೆ, ಅವರು ಯಾವ ದೇಶದವರೆಂದು ಕೇಳದೆ, ಹರಿಯುವುದಲ್ಲವೆ? ಅಂದಮೇಲೆ ದುಡಿತದ ಮೂಲಧನವಾದ ದೇಹವು ಎಲ್ಲರಲ್ಲಿಯೂ ಒಂದೇ ಎಂದು ಶಾಸನವೇ ಒಪ್ಪಿಕೊಂಡಂತಾಯಿತು.

ಈ ಮಾತನ್ನು ಹಿಡಿದು ಮುಂದೆ ಹೋದರೆ ಮನೆಯ ಅಳತೆಯ ವಾದದಲ್ಲಿರುವ ಬಿರುಕು ಕಾಣುತ್ತದೆ. 'ಅವನು ಬದುಕುವುದು ಅಗ್ಗದ ನಾಡಿನಲ್ಲಿ. ಆದುದರಿಂದ ಅವನಿಗೆ ಅಗ್ಗದ ಕೂಲಿ' ಎಂಬುದಷ್ಟೆ ಆ ವಾದ. ಆದರೆ ಅವನು ನಿಜವಾಗಿ ಬದುಕುವುದು ಎಲ್ಲಿ? ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಅವನ ವಾಸ ಲಾರಿಯ ಮುಂಗೂಡಿನಲ್ಲಿ. ಅಡುಗೆ ಲಾರಿಯ ಮಗ್ಗುಲಲ್ಲಿ ಸಣ್ಣ ಒಲೆಯ ಮೇಲೆ. ಸ್ನಾನ ಹೆದ್ದಾರಿಯ ತಂಗುದಾಣದಲ್ಲಿ, ಅಲ್ಲಿಯ ದರ ತೆತ್ತು. ಮನೆಯವರ ಮುಖ ದೂರವಾಣಿಯ ಪರದೆಯ ಮೇಲೆ. ವಾರದ ಪೂರ್ಣ ವಿಶ್ರಾಂತಿಯನ್ನು ಲಾರಿಯ ಒಳಗೆ ಕಳೆಯಕೂಡದೆಂದು 2017ರ ಡಿಸೆಂಬರ್ 20ರಂದು ಒಕ್ಕೂಟದ ನ್ಯಾಯಸ್ಥಾನವು ಬೆಲ್ಜಿಯಮಿನಿಂದ ಬಂದ ಒಂದು ವ್ಯಾಜ್ಯದಲ್ಲಿ ತೀರ್ಮಾನಿಸಿತು. 2020ರ ಕಟ್ಟಳೆಯು ಅದನ್ನೇ ಸ್ಪಷ್ಟವಾದ ಮಾತುಗಳಲ್ಲಿ ವಿಧಿಸಿ, ನಾಲ್ಕು ವಾರಗಳ ಪ್ರತಿಯೊಂದು ಅವಧಿಯಲ್ಲಿಯೂ ಚಾಲಕನು ಮನೆಗೆ ಅಥವಾ ಒಡೆಯನ ಕಾರ್ಯಸ್ಥಾನಕ್ಕೆ ಮರಳುವಂತೆ ಏರ್ಪಾಡು ಮಾಡಬೇಕೆಂದಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಂತೆ, ವಿಧಿ ಇರುವುದೇ ಒಂದು, ತಂಗುದಾಣಗಳಲ್ಲಿ ಶನಿವಾರ ಭಾನುವಾರಗಳಂದು ಕಾಣುವುದೇ ಇನ್ನೊಂದು. ಅದೂ ಅಲ್ಲದೆ, ಜಾರ್ಜಿಯದಿಂದಲೋ ಉಜ್ಬೇಕಿಸ್ತಾನದಿಂದಲೋ ಪೋಲೆಂಡಿನ ಸಂಸ್ಥೆಗೆ ದುಡಿಯಲು ಬಂದವನಿಗೆ ಒಡೆಯನ ಕಾರ್ಯಸ್ಥಾನವು ಮನೆಯಲ್ಲ.

ಮನೆಯ ಅಳತೆಯಿಂದ ಕೂಲಿ ಕೊಡುವವನು ಮನೆಯ ಬಾಳನ್ನೂ ಕೊಡಬೇಕು. ಅದನ್ನು ಕಸಿದುಕೊಂಡು ಅಳತೆಯನ್ನು ಮಾತ್ರ ಉಳಿಸಿಕೊಳ್ಳುವುದು ಎರಡು ತಕ್ಕಡಿಯ ವ್ಯಾಪಾರ. ಪ್ರತಿ ಸಂಜೆ ಮಕ್ಕಳೊಡನೆ ಉಣ್ಣುವವನಿಗೆ ಊರಿನ ರೂಢಿಯ ಕೂಲಿ ನ್ಯಾಯವಾದೀತು. ಮಕ್ಕಳು ಬೆಳೆದುದನ್ನು ಕಾಣದೆ ದುಡಿದವನಿಗೆ ಅದೇ ಕೂಲಿ ನ್ಯಾಯವಾಗದು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಚಾಲಕನನ್ನು ಯಾರೂ ಕಟ್ಟಿ ತಂದಿಲ್ಲ; ಕರಾರು ತಿಳಿದೇ ಬಂದಿದ್ದಾನೆ; ಒಪ್ಪಿ ಬಂದವನಿಗೆ ಅನ್ಯಾಯವೆಲ್ಲಿಯದು? ಒಪ್ಪಿಗೆಯು ನ್ಯಾಯದ ಒಂದು ಅಂಗವೆಂಬುದು ನಿಜ, ಅದೇ ಸರ್ವಸ್ವವಲ್ಲ. ಹಸಿದವನ ಒಪ್ಪಿಗೆಯಲ್ಲಿ ಹಸಿವಿನ ಸಹಿಯೂ ಸೇರಿರುತ್ತದೆ. ಅದಿರಲಿ, ಒಪ್ಪಿದ ಕೂಲಿಯಾದರೂ ಕೈಸೇರುವುದೆ? 2023ರ ಮಾರ್ಚ್ ಕೊನೆಯಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಬಳಿ, ಗ್ರೇಫೆನ್‌ಹೌಸೆನ್ ಎಂಬ ಹೆದ್ದಾರಿಯ ತಂಗುದಾಣದಲ್ಲಿ ಅರುವತ್ತಕ್ಕೂ ಮಿಕ್ಕಿದ ಚಾಲಕರು ಲಾರಿಗಳನ್ನು ನಿಲ್ಲಿಸಿ ಕುಳಿತರು. ಅವರಲ್ಲಿ ಬಹುಮಂದಿ ಜಾರ್ಜಿಯ, ಉಜ್ಬೇಕಿಸ್ತಾನಗಳವರು. ಬರಬೇಕಾದ ವೇತನ ಬಂದಿಲ್ಲವೆಂಬುದೇ ಅವರ ದೂರು. ಏಪ್ರಿಲ್ 7ರ ಗುಡ್ ಫ್ರೈಡೆಯ ದಿನ ಒಡೆಯನ ಕಡೆಯವರು ಲಾರಿಗಳನ್ನು ಬಲಾತ್ಕಾರದಿಂದ ಕೊಂಡೊಯ್ಯಲು ಕವಚದ ವಾಹನವೊಂದನ್ನೂ ಕಾವಲುಪಡೆಯನ್ನೂ ತಂದರು. ಪೋಲೀಸರು ನಡುವೆ ಬಂದು ತಡೆದರು. ಏಪ್ರಿಲ್ ತಿಂಗಳ ಕೊನೆಗೆ ಸುಮಾರು 3 ಲಕ್ಷ ಯೂರೋ ಬಾಕಿ ಸಂದಿತು. ಅದೇ ವರ್ಷ ಜುಲೈಯಲ್ಲಿ ಅಲ್ಲಿಯೇ ಎರಡನೆಯ ಸಲ, ಮೊದಲಿಗಿಂತ ಹೆಚ್ಚು ಜನ ಕುಳಿತರು. ಕೆಲವರು ಸೆಪ್ಟೆಂಬರಿನಲ್ಲಿ ಅನ್ನಾಹಾರವನ್ನೂ ಬಿಟ್ಟರು. ಅವರು ಹೆಚ್ಚಿನ ಕೂಲಿಯನ್ನು ಕೇಳಲಿಲ್ಲ. ದುಡಿದು ಮುಗಿಸಿದ ದಿನಗಳ ಕೂಲಿಯನ್ನು ಕೇಳಿದರು.

ಕನ್ನಡ ವಾಚಕರಿಗೆ ಈ ಸಂದರ್ಭದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ನೆನಪಿಗೆ ಬಾರದೆ ಇರದು. ಮೈಸೂರಿನಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಗ್ರಂಥವದು. ವೇತನವನ್ನು ಮೊದಲೇ ಮಾತನಾಡಿಕೊಂಡಿದ್ದರೆ ಅಂತೆಯೂ, ಮಾತನಾಡಿಕೊಳ್ಳದಿದ್ದರೆ ಕೆಲಸಕ್ಕೂ ಕಾಲಕ್ಕೂ ಅನುಗುಣವಾಗಿಯೂ ಕೊಡತಕ್ಕದ್ದೆಂದು ಅದು ವಿಧಿಸುತ್ತದೆ. ಕೊಡದವನಿಗೆ ದಂಡವನ್ನು ಹೇಳುತ್ತದೆ. ಅಲ್ಲಿ ಅಳತೆಯಾಗಿ ನಿಂತಿರುವುದು ಕೆಲಸ ಮತ್ತು ಕಾಲ ಎಂಬುದನ್ನು ಗಮನಿಸಬೇಕು, ದುಡಿದವನ ಹುಟ್ಟೂರಲ್ಲ. ರಾಜ್ಯದ ಬೊಕ್ಕಸವನ್ನು ತುಂಬುವುದರಲ್ಲಿ ಯಾವ ಸಂಕೋಚವನ್ನೂ ಪಡದ ಆ ಶಾಸ್ತ್ರಕಾರನೂ ಕೂಲಿಯನ್ನು ದಯೆಯೆಂದು ಎಣಿಸಲಿಲ್ಲ, ಋಣವೆಂದು ಎಣಿಸಿದನು.

ಋಣವೆಂದಮೇಲೆ ಋಣಿ ಯಾರೆಂಬ ಪ್ರಶ್ನೆ ಏಳುತ್ತದೆ. ಸರಕನ್ನು ಕಳುಹಿಸುವ ದೊಡ್ಡ ಕಾರ್ಖಾನೆಯು ಸಾಗಾಟವನ್ನು ಒಬ್ಬನಿಗೆ ಗುತ್ತಿಗೆ ಕೊಡುತ್ತದೆ. ಅವನು ಇನ್ನೊಬ್ಬನಿಗೆ, ಇನ್ನೊಬ್ಬನು ಮತ್ತೊಬ್ಬನಿಗೆ ಒಪ್ಪಿಸುತ್ತಾನೆ. ಪ್ರತಿಯೊಬ್ಬನೂ ತನ್ನ ಪಾಲನ್ನು ಹಿಡಿದುಕೊಂಡು ಕೆಳಗಿನವನಿಗೆ ಕಡಿಮೆ ಕೊಡುತ್ತಾನೆ. ಕೊನೆಗೆ ಚಾಲಕನಿಗೆ ಮುಟ್ಟುವುದು ಸೋಸಿ ಉಳಿದುದು. ಕೇಳಿದರೆ ಪ್ರತಿಯೊಬ್ಬನೂ 'ನನಗೆ ತಿಳಿಯದು' ಎಂದಾನು. ಅದು ಸುಳ್ಳೂ ಅಲ್ಲದಿರಬಹುದು. ಆದರೆ ತಿಳಿಯಬಹುದಾದುದನ್ನು ತಿಳಿಯದೆ ಇರುವಂತೆ ವ್ಯವಸ್ಥೆ ಮಾಡಿಕೊಳ್ಳುವುದು ಅಜ್ಞಾನವಲ್ಲ, ಅಪರಾಧ. ಸರಕಿನ ದಾರಿಯುದ್ದಕ್ಕೂ ದುಡಿಯುವವರ ಸ್ಥಿತಿಯನ್ನು ದೊಡ್ಡ ಸಂಸ್ಥೆಗಳು ವಿಚಾರಿಸಿ ನೋಡಬೇಕೆಂಬ ಶಾಸನವು ಜರ್ಮನಿಯಲ್ಲಿ 2023ರ ಜನವರಿಯಲ್ಲಿ ಜಾರಿಗೆ ಬಂದುದು ಈ ತತ್ತ್ವದ ಮೇಲೆಯೇ. ಮನುಷ್ಯನನ್ನು ಎಂದಿಗೂ ಬರಿಯ ಸಾಧನವನ್ನಾಗಿ ಕಾಣಕೂಡದೆಂದು ಜರ್ಮನಿಯ ದಾರ್ಶನಿಕನಾದ ಕಾಂಟನು ಬೋಧಿಸಿದನು. ಗುತ್ತಿಗೆಯ ಸರಪಣಿಯಲ್ಲಿ ಚಾಲಕನು ಸಾಧನವಾಗಿಯೂ ಕಾಣದೆ ಕಣ್ಮರೆಯೇ ಆಗುತ್ತಾನೆ.

ಅವನ ಬೆಲೆ ತಿಳಿಯುವುದು ಅವನಿಲ್ಲದಾಗ. ಬ್ರಿಟನ್ ಒಕ್ಕೂಟವನ್ನು ಬಿಟ್ಟ ಮೇಲೆ, 2021ರ ಸೆಪ್ಟೆಂಬರಿನಲ್ಲಿ, ಅಲ್ಲಿ ಲಾರಿ ಚಾಲಕರ ಅಭಾವವುಂಟಾಯಿತು. ಪೆಟ್ರೋಲಿಗೆ ಕೊರತೆಯಿಲ್ಲದಿದ್ದರೂ ಅದನ್ನು ಸಾಗಿಸುವವರಿಲ್ಲದೆ ಬಂಕುಗಳ ಮುಂದೆ ಸಾಲು ಬೆಳೆಯಿತು. ಸರಕಾರವು ಪರದೇಶದ ಚಾಲಕರಿಗಾಗಿ 5,000 ತಾತ್ಕಾಲಿಕ ರಹದಾರಿಗಳನ್ನು ಘೋಷಿಸಿತು, ಸಂಬಳಗಳು ಏರಿದುವು. ನಿನ್ನೆಯವರೆಗೆ ಕೊಡಲಾಗದೆಂದಿದ್ದ ಕೂಲಿಯನ್ನು ಇಂದು ಕೊಡಬಹುದಾಯಿತು. ಹಾಗಾದರೆ ಹಿಂದೆ ಅದನ್ನು ತಡೆದಿದ್ದುದು ಅಶಕ್ತಿಯೊಂದೇ ಆಗಿರಲಾರದು.

ಆದರೂ ಬಡ ದೇಶಗಳವರ ಭಯವನ್ನು ತಳ್ಳಿಹಾಕಿ ಮುಗಿಸುವಂತಿಲ್ಲ. ಸಮಾನ ಕೂಲಿಯೆಂಬ ಒಳ್ಳೆಯ ಮಾತು ಸಿರಿವಂತ ದೇಶದ ಕೈಯಲ್ಲಿ ಬೇಲಿಯಾಗಬಹುದು. ದುರ್ಬಲನನ್ನು ಕಾಯುವೆನೆಂದು ಹೇಳಿ ಅವನನ್ನು ಹೊರಗಟ್ಟಬಹುದು. ಆದುದರಿಂದ ಪ್ರತಿಯೊಂದು ಕಟ್ಟಳೆಯನ್ನೂ ಒಂದು ಒರೆಗಲ್ಲಿಗೆ ತಿಕ್ಕಿ ನೋಡಬೇಕು: ಇದರಿಂದ ಚಾಲಕನ ಕೈಗೆ ಬರುವುದು ಹೆಚ್ಚಾಗುವುದೆ, ಅಥವಾ ಅವನ ಮುಖ ಮಾತ್ರ ಕಾಣದಂತಾಗುವುದೆ? ಮೊದಲನೆಯದಾದರೆ ಅದು ಧರ್ಮ. ಎರಡನೆಯದಾದರೆ ಧರ್ಮದ ವೇಷ.

ಹೀಗೆ ವಿವೇಚಿಸಿದರೆ ಕೂಲಿಗೆ ಒಂದೇ ಅಳತೆಯಿಲ್ಲವೆಂಬುದು ತಿಳಿಯುತ್ತದೆ. ತನ್ನ ಊರಿನಲ್ಲಿ ಬಾಳುತ್ತ ದುಡಿಯುವವನಿಗೆ ಊರಿನ ಅಳತೆ ಸಲ್ಲಬಹುದು. ಪರನೆಲದಲ್ಲಿ ದುಡಿದು ಪರನೆಲದಲ್ಲಿಯೇ ಮಲಗುವವನಿಗೆ ಆ ನೆಲದ ಅಳತೆಯೇ ಸಲ್ಲಬೇಕು. ನಿದ್ರೆ, ಆರೋಗ್ಯ, ಮುಪ್ಪಿನ ಆಸರೆ, ಮನೆಗೆ ಮರಳುವ ದಿನ, ದುಡಿದು ಮುಗಿಸಿದ ಕೂಲಿ ಎಂಬಿವು ಮಾತ್ರ ಯಾವ ನಾಡಿನ ಅಳತೆಗೂ ಒಳಪಟ್ಟವಲ್ಲ. ಸರಕಿನ ಬೆಲೆ ಅದರಿಂದ ಕೊಂಚ ಏರಿದರೆ ಏರಲಿ. ಕೊಳ್ಳುವವನು ಇಂದು ಅಗ್ಗವೆಂದು ಹಿಗ್ಗುವ ಬೆಲೆಯಲ್ಲಿ ಆ ಕೊಂಚವು ಈಗಲೂ ಸೇರಿಯೇ ಇದೆ. ಅದನ್ನು ತೆರುತ್ತಿರುವವನು ಮಾತ್ರ ಬೇರೊಬ್ಬನು.