ಸಿದ್ಧವಾಗಿರುವುದು ಯಾವುದು?

ತಂತ್ರಜ್ಞಾನವೊಂದು ಬಳಕೆಗೆ ಎಷ್ಟು ಸಿದ್ಧವಾಗಿದೆ ಎಂದು ಅಳೆಯಲು ನಾಸಾದಲ್ಲಿ ಹುಟ್ಟಿದ, 1ರಿಂದ 9ರವರೆಗಿನ ಅಳತೆಗೋಲೊಂದಿದೆ. ನನ್ನ ಸಂಶೋಧನೆಯಲ್ಲಿ ದಿನವೂ ಬಳಸುವುದು ಅದನ್ನೇ. ಆ ಲೆಕ್ಕದಲ್ಲಿ ಸೌರಫಲಕಕ್ಕೆ ಪೂರ್ತಿ 9.

ಈ ಅಳತೆಗೋಲು ಹಿಡಿದೇ ಪಾವಗಡಕ್ಕೆ ಹೋಗಿದ್ದೆ. ಅಲ್ಲಿನ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಹರಹು ಸುಮಾರು 13,000 ಎಕರೆ. ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಸೋತ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು. ಈ ಮಾದರಿಯನ್ನು ನಾನೂ ಮೆಚ್ಚಿದ್ದೆ.

ಹೊಲವಿಲ್ಲದ ಹೆಂಗಸೊಬ್ಬರು ಕೇಳಿದರು: "ನೆಲ ಇದ್ದೋರಿಗೆ ದುಡ್ಡು ಬಂತು. ಕಡ್ಲೆಕಾಯಿ ಕೀಳೋಕೆ ಕೂಲಿಗೆ ಹೋಗ್ತಿದ್ದ ನಮಗೇನು ಬಂತಪ್ಪಾ?"

ನನಗೆ ಉತ್ತರ ಹೊಳೆಯಲಿಲ್ಲ. ಗುತ್ತಿಗೆ ಪತ್ರಕ್ಕೆ ನೆಲದ ಒಡೆಯರು ಗೊತ್ತು, ಅಲ್ಲಿ ದುಡಿದವರು ಗೊತ್ತಿಲ್ಲ. ಇವರಿಗೆ ಅನ್ಯಾಯ ಮಾಡಬೇಕೆಂದು ಯಾರೂ ಹೊರಟಿರಲಾರರು. ಆದರೂ ಲೆಕ್ಕದಲ್ಲಿ ಇವರು ಬಿಟ್ಟುಹೋದರು. ಇಂಗಾಲ ತಗ್ಗಿದ ಲಾಭ ಜಗತ್ತಿಗೆಲ್ಲ ಹಂಚಿಹೋಗುತ್ತದೆ, ಕೂಲಿ ತಪ್ಪಿದ ನಷ್ಟ ಕೆಲವೇ ಮನೆಗಳಲ್ಲಿ ಉಳಿಯುತ್ತದೆ. ಆ ನಷ್ಟ ತುಂಬಿಕೊಡುವುದನ್ನು ದಾನವೆಂದು ಕರೆಯಲಾರೆ. ನಾವು ಉರಿಸುವ ದೀಪದ ಬೆಲೆಯಲ್ಲಿ ಅದೂ ಸೇರಬೇಕು.

ಅದು ಸೇರುವವರೆಗೆ ಫಲಕ ಸಿದ್ಧವಾಗಿದೆ ಎಂದಷ್ಟೇ ಬರೆಯಬಲ್ಲೆ. ನಾವು ಸಿದ್ಧರಾಗಿದ್ದೇವೆ ಎಂದು ಬರೆಯಲು ಕೈ ಏಳುವುದಿಲ್ಲ.