ನೆನೆದವರು, ನೆನೆಯುವವರು

ವುಡ್‌ಸ್ಟಾಕ್ ನಡೆದದ್ದು ವುಡ್‌ಸ್ಟಾಕ್‌ನಲ್ಲಿ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಆ ಊರಿಗೂ 1969ರ ಆಗಸ್ಟ್‌ನಲ್ಲಿ ಜನ ಸೇರಿದ ಹೊಲಕ್ಕೂ ಸುಮಾರು 70 ಕಿಲೋಮೀಟರ್ ದೂರ. ಸಂಘಟಕರು ಮೊದಲು ವುಡ್‌ಸ್ಟಾಕ್ ಆಸುಪಾಸಿನಲ್ಲಿ ಜಾಗ ಹುಡುಕಿದರು, ಸಿಗಲಿಲ್ಲ. ಆಮೇಲೆ ವಾಲ್‌ಕಿಲ್ ಎಂಬಲ್ಲಿ ಸಿದ್ಧತೆ ನಡೆಸಿದರು. ಇನ್ನೊಂದೇ ತಿಂಗಳಿದೆ ಅನ್ನುವಾಗ ಆ ಊರಿನವರು ಬೇಡವೆಂದರು. ಕೊನೆಗೆ ಬೆಥೆಲ್‌ನ ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರು ತಮ್ಮ ಜಮೀನನ್ನು ಬಾಡಿಗೆಗೆ ಕೊಟ್ಟರು. ಹೆಸರು ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ 'ನಾನು ವುಡ್‌ಸ್ಟಾಕ್‌ನಲ್ಲಿದ್ದೆ' ಎಂಬ ಮಾತು, ಅದನ್ನು ಎಂಥ ಸತ್ಯವಂತರೇ ಹೇಳಲಿ, ಅಕ್ಷರಶಃ ನಿಜವಲ್ಲ.

ಇದು ಕುಚೋದ್ಯದ ಮಾತು, ಒಪ್ಪುತ್ತೇನೆ. ಆದರೆ ಆ ಮೂರು ದಿನಗಳ ಬಗ್ಗೆ ಅಲ್ಲಿಗೆ ಹೋಗಿದ್ದವರು ಹೇಳಿಕೊಂಡದ್ದನ್ನು ಓದುವಾಗ, ಕೇಳುವಾಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದರ ಹತ್ತಿರದ್ದೇ. ಸವಿಯಾದ ನೆನಪಿಗೆ ಸತ್ಯದ ಹಂಗಿದೆಯೇ? ಇದ್ದರೆ ಎಷ್ಟು?

ನಡೆದದ್ದು ಇಷ್ಟು. ಆಗಸ್ಟ್ 15ರ ಶುಕ್ರವಾರ ಸಂಜೆ ರಿಚಿ ಹೇವನ್ಸ್ ಹಾಡಿನಿಂದ ಶುರುವಾದ ಉತ್ಸವ 18ರ ಸೋಮವಾರ ಬೆಳಿಗ್ಗೆ ಜಿಮಿ ಹೆಂಡ್ರಿಕ್ಸ್ ಗಿಟಾರಿನಿಂದ ಮುಗಿಯಿತು. ಮೂರು ದಿನಕ್ಕೆ ಮುಂಗಡ ಟಿಕೆಟ್ 18 ಡಾಲರ್. ಅಂಥವು ಸುಮಾರು 1,86,000 ಮಾರಾಟವಾಗಿದ್ದವು. ಬಂದವರು ನಾಲ್ಕು ಲಕ್ಷಕ್ಕೂ ಮೇಲೆ. ಬೇಲಿ ಕಟ್ಟಿ ಮುಗಿಯುವುದರೊಳಗೆ ಜನ ಒಳಗೆ ಬಂದು ಕೂತಿದ್ದರು. ವಿಧಿಯಿಲ್ಲದೆ ಕಾರ್ಯಕ್ರಮ ಉಚಿತವೆಂದು ಸಾರಲಾಯಿತು. ರಸ್ತೆಗಳು ಕಟ್ಟಿಹೋಗಿ, ಕಾರುಗಳನ್ನು ದಾರಿಯಲ್ಲೇ ಬಿಟ್ಟು ಜನ ಮೈಲಿಗಟ್ಟಲೆ ನಡೆದರು. ಊಟ, ನೀರು, ಕಕ್ಕಸು ಯಾವುದೂ ಸಾಲಲಿಲ್ಲ. ಮಳೆ ಹೊಡೆದು ಹೊಲ ಕೆಸರುಗದ್ದೆಯಾಯಿತು. ನ್ಯೂಯಾರ್ಕ್ ಟೈಮ್ಸ್ ಸೋಮವಾರದ ಸಂಪಾದಕೀಯದಲ್ಲಿ ಇದನ್ನೊಂದು ದುಃಸ್ವಪ್ನವೆಂದು ಜರೆಯಿತು. ಮರುದಿನ ಅದರದ್ದೇ ದನಿ ಮೆತ್ತಗಾಯಿತು.

ಈಗ ಎಪ್ಪತ್ತು, ಎಂಬತ್ತು ದಾಟಿರುವ ಅಭಿಮಾನಿಗಳು ಇದನ್ನೆಲ್ಲ ನೆನೆಯುವ ಬಗೆ ನೋಡಬೇಕು. ಹಸಿವು, ಕೆಸರು, ನಿದ್ದೆಗೇಡು ಯಾವುದನ್ನೂ ಅವರು ಮುಚ್ಚಿಡುವುದಿಲ್ಲ. ಮುಚ್ಚಿಡುವುದಿರಲಿ, ಅದನ್ನೇ ಎತ್ತಿ ಹೇಳುತ್ತಾರೆ. ಅಂದು ದೂರಾಗಿದ್ದದ್ದು ಇಂದು ಪದಕವಾಗಿದೆ. 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಅನ್ನುತ್ತೇವಲ್ಲ, ಇಲ್ಲಿ ಅದಕ್ಕೂ ಮುಂದಿನ ಹಂತವಿದೆ. ಬೆಟ್ಟದ ಕಲ್ಲುಮುಳ್ಳು ಕಾಣುತ್ತಲೇ ಇದೆ, ಆದರೆ ಅದು ಚುಚ್ಚುವುದನ್ನು ಬಿಟ್ಟಿದೆ. ಇದರಲ್ಲಿ ಸುಳ್ಳೇನೂ ಇಲ್ಲ ಅನ್ನಿಸುತ್ತದೆ ನನಗೆ. ನೋವಿನ ಅರ್ಥ ಆಮೇಲೆ ಬದಲಾಗುವುದು ಬದುಕಿನ ಸಹಜ ಗುಣ.

ಇನ್ನೊಂದು ತೊಡಕು ಇದೆ. ಹೋಗಿದ್ದೆವೆಂದು ಹೇಳುವವರೆಲ್ಲ ನಿಜಕ್ಕೂ ಹೋಗಿದ್ದರೆ ಆ ಹೊಲ ಹತ್ತು ಹೊಲಗಳಷ್ಟಾದರೂ ಇರಬೇಕಿತ್ತು ಎಂಬ ಹಳೆಯ ತಮಾಷೆ ಅಮೆರಿಕದಲ್ಲಿದೆ. ಹೋಗದೆ ಹೋದೆನೆನ್ನುವವರನ್ನು ಸುಳ್ಳರೆಂದು ತಳ್ಳಿಹಾಕುವುದು ಸುಲಭ. ಆದರೆ ಹೋಗಿದ್ದವರ ನೆನಪಾದರೂ ಎಷ್ಟು ಅವರದ್ದು? ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ಹರಿದು, ತಿರುಚಿ ನುಡಿಸಿದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಮನೆ ದಾರಿ ಹಿಡಿದಾಗಿತ್ತು. ಉಳಿದವರು ಮೊದಲಿದ್ದವರ ಒಂದು ಸಣ್ಣ ಪಾಲು. ಆದರೂ ವುಡ್‌ಸ್ಟಾಕ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅದೇ. ಅದು ಮೈಕೆಲ್ ವಾಡ್ಲಿ 1970ರಲ್ಲಿ ತೆರೆಗೆ ತಂದ, ಆಸ್ಕರ್ ಪಡೆದ ಸಾಕ್ಷ್ಯಚಿತ್ರ ಕೊಟ್ಟ ನೆನಪು. ಅಂದಿನ ಅತಿ ಜನಪ್ರಿಯ ತಂಡಗಳಲ್ಲಿ ಒಂದಾದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ನಡುರಾತ್ರಿ ದಾಟಿದ ಮೇಲೆ ಅಲ್ಲಿ ಹಾಡಿತು. ಆ ಚಿತ್ರದಲ್ಲಿ ಅವರಿಲ್ಲ, ಹಾಗಾಗಿ ಬಹಳ ಮಂದಿಯ ನೆನಪಿನಲ್ಲೂ ಇಲ್ಲ. 

ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 24 ಮಂದಿಗೆ ಅವರು ಚಿಕ್ಕಂದಿನಲ್ಲಿ ಅಂಗಡಿ ಸಂಕೀರ್ಣವೊಂದರಲ್ಲಿ ಕಳೆದುಹೋಗಿದ್ದರೆಂಬ ಕಟ್ಟುಕತೆಯನ್ನು ಮನೆಯವರ ಹೆಸರಿನಲ್ಲಿ ಹೇಳಲಾಗಿತ್ತು. ಸುಮಾರು ಕಾಲುಭಾಗ ಜನರಿಗೆ ಅದು ಪೂರ್ತಿಯಾಗಿಯೋ ಅರೆಬರೆಯಾಗಿಯೋ 'ನೆನಪಾಯಿತು'. ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ಮತ್ತೆ ಮತ್ತೆ ಕಟ್ಟಿಕೊಳ್ಳುವ ಗೂಡು. ಹುಲ್ಲು ಎಲ್ಲಿಂದ ಬಂತೆಂದು ಗೂಡಿಗೆ ಗೊತ್ತಿರುವುದಿಲ್ಲ.

ಹಾಗಿದ್ದರೆ ಹೋಗಿದ್ದವರಿಗೂ ಹೋಗದವರಿಗೂ ವ್ಯತ್ಯಾಸವೇ ಇಲ್ಲವೇ? ಜೋನಿ ಮಿಚೆಲ್ ಅವರ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಆ ಉತ್ಸವದ ಮೇಲೆ ಬಂದ ಅತ್ಯಂತ ಹೆಸರಾದ ಹಾಡು ಅವರದ್ದು, ಉತ್ಸವದ ಹೆಸರೇ ಅದಕ್ಕೆ. ಆದರೆ ಅವರು ಅಲ್ಲಿಗೆ ಹೋಗಿರಲಿಲ್ಲ. ಟಿವಿ ಕಾರ್ಯಕ್ರಮವೊಂದಕ್ಕೆ ತಪ್ಪಿಹೋಗಬಾರದೆಂದು ನ್ಯೂಯಾರ್ಕ್ ನಗರದಲ್ಲೇ ಉಳಿದು, ಹೊಲದ ಸುದ್ದಿಯನ್ನು ಟಿವಿಯಲ್ಲಿ ನೋಡಿದರು. ಹೋಗಲಾಗದ ಆ ಹಂಬಲವೇ ಹಾಡಾಯಿತು. ತಾನು ಹೋಗಿರಲಿಲ್ಲವೆಂಬುದನ್ನು ಅವರು ಎಂದೂ ಬಚ್ಚಿಡಲಿಲ್ಲ. ಕಲ್ಪಿಸಿಕೊಂಡು ಹಾಡುವುದು ಬೇರೆ, ಕಂಡೆನೆಂದು ಸಾಕ್ಷಿ ನುಡಿಯುವುದು ಬೇರೆ. ಸಾಕ್ಷಿಯ ಮಾತನ್ನು ನಂಬಿ ಬೇರೆಯವರು ತೀರ್ಮಾನಗಳಿಗೆ ಬರುತ್ತಾರೆ. ಕವಿಯ ಮಾತಿಗೆ ಆ ಭಾರವಿಲ್ಲ. ನೆನಪಿನ ಕುರಿತ ನೈತಿಕ ಪ್ರಶ್ನೆ ಏಳುವುದು ಇಲ್ಲಿಯೇ: ಯಾವ ನೆನಪಿನಿಂದ ಯಾವ ತೀರ್ಮಾನಕ್ಕೆ ಬರುತ್ತಿದ್ದೇವೆ?

ವುಡ್‌ಸ್ಟಾಕ್ ಅಭಿಮಾನಿಗಳ ತೀರ್ಮಾನ ಎಲ್ಲರಿಗೂ ಗೊತ್ತಿರುವುದೇ. ನಾಲ್ಕು ಲಕ್ಷ ಜನ, ಬಹುತೇಕ ಪೊಲೀಸರ ಕಾವಲಿಲ್ಲದೆ, ಅರೆಹೊಟ್ಟೆಯಲ್ಲಿ, ಮಳೆಯಲ್ಲಿ, ಒಬ್ಬರ ಮೇಲೊಬ್ಬರು ಕೈ ಮಾಡದೆ ಮೂರು ದಿನ ಕಳೆದರು. ನಮ್ಮ ತಲೆಮಾರಿನಲ್ಲಿ ಅಂಥದ್ದೊಂದು ಒಳ್ಳೆಯತನವಿತ್ತು ಎಂದು. ಮೊದಲರ್ಧ ಬಹುಮಟ್ಟಿಗೆ ನಿಜ, ಮತ್ತು ದೊಡ್ಡ ಮಾತು. ಆ ವರ್ಷ ವಿಯೆಟ್ನಾಂನಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಆ ಒಂದೇ ವರ್ಷದಲ್ಲಿ ಸತ್ತವರು 11,000ಕ್ಕೂ ಹೆಚ್ಚು. ಅಷ್ಟೇ ವಯಸ್ಸಿನ ಹುಡುಗರು ಇನ್ನೊಂದು ಹೊಲದಲ್ಲಿ ಕೊಲ್ಲದೆ, ಸಾಯದೆ ಕೂತಿದ್ದರೆಂಬುದು ಸಣ್ಣ ಸಂಗತಿಯಲ್ಲ.

ದ್ವಿತೀಯಾರ್ಧದ ಬಗ್ಗೆ ನನಗೆ ತಕರಾರಿದೆ. ಅದೇ ಹೊಲವನ್ನು ವೇದಿಕೆಯ ಮೇಲಿನಿಂದ ನೋಡಿದ ರವಿಶಂಕರ್ ಅವರಿಗೆ ಕಂಡದ್ದು ಬೇರೆ. ಮೊದಲ ರಾತ್ರಿ ಮಳೆಯಲ್ಲಿ ಅವರು ಸಿತಾರ್ ನುಡಿಸಿದರು. ಕೆಸರಿನಲ್ಲಿ ಮುಳುಗಿ ಕೂತ ಆ ಜನಸ್ತೋಮ ಅವರಿಗೆ ನಮ್ಮ ಊರುಗಳ ಎಮ್ಮೆಗಳನ್ನು ನೆನಪಿಸಿತಂತೆ. ಅಮಲಿನಲ್ಲಿರುವವರ ಮುಂದೆ ರಾಗ ನುಡಿಸಬೇಕಾಗಿ ಬಂದದ್ದು ಅವರಿಗೆ ಕೊನೆಯವರೆಗೂ ಕಹಿಯಾಗಿಯೇ ಉಳಿಯಿತು. ಯಾರ ನೆನಪು ಸರಿ ಎಂಬ ಪ್ರಶ್ನೆಗಿಂತ, ಯಾರ ನೆನಪಿನಲ್ಲಿ ಯಾರಿಗೆ ಜಾಗವಿಲ್ಲ ಎಂಬ ಪ್ರಶ್ನೆ ನನಗೆ ಮುಖ್ಯ.

ಜಾಗ ಸಿಗದವರು ಹಲವರಿದ್ದಾರೆ. ಮಲಗುವ ಚೀಲದೊಳಗೆ ಹೊದ್ದು ಮಲಗಿದ್ದ ಹದಿನೇಳರ ಹುಡುಗನೊಬ್ಬ ಟ್ರ್ಯಾಕ್ಟರ್ ಹರಿದು ಸತ್ತ. ಆ ಟ್ರ್ಯಾಕ್ಟರ್ ಅಲ್ಲಿದ್ದದ್ದು ಉಳಿದವರ ಕೊಳೆ ತೆಗೆಯಲು. ಹತ್ತಿರದ ಮಾಂಟಿಸೆಲೋದ ಯಹೂದಿ ಸಮುದಾಯ ಕೇಂದ್ರದ ಹೆಂಗಸರು ರಾಶಿ ರಾಶಿ ಸ್ಯಾಂಡ್‌ವಿಚ್ ಮಾಡಿ ಕಳಿಸಿದರು. ಹಾಗ್ ಫಾರ್ಮ್ ಎಂಬ ಗುಂಪಿನವರು ಧಾನ್ಯ ಬೇಯಿಸಿ ಹಂಚಿದರು. ಯುದ್ಧವನ್ನು ಹಳಿಯುತ್ತಿದ್ದ ಆ ಜನಕ್ಕೆ ವೈದ್ಯಕೀಯ ನೆರವನ್ನು ಹೊತ್ತು ತಂದದ್ದು ಸೇನೆಯ ಹೆಲಿಕಾಪ್ಟರ್‌ಗಳು. ಇನ್ನು ಯಾಸ್ಗರ್. ನಲವತ್ತೊಂಬತ್ತರ ವಯಸ್ಸು, ರಿಪಬ್ಲಿಕನ್ ಪಕ್ಷದ ಒಲವು, ಹಿಪ್ಪಿಗಳ ಜೀವನಕ್ರಮದ ಜೊತೆ ಯಾವ ನಂಟೂ ಇಲ್ಲದ ಮನುಷ್ಯ. ಬಾಡಿಗೆ ತೆಗೆದುಕೊಂಡರು ನಿಜ. ಆದರೆ ಅಕ್ಕಪಕ್ಕದವರು ಬಾಯಾರಿದವರಿಗೆ ನೀರು ಮಾರುತ್ತಿದ್ದಾರೆಂದು ತಿಳಿದಾಗ ಸಿಟ್ಟಾಗಿ, ತಮ್ಮಲ್ಲಿ ಪುಕ್ಕಟೆ ನೀರು ಕೊಡಿಸಿದರು. ಅವರ ಹಾಲು ಕೊಳ್ಳಬೇಡಿ ಎಂದು ಊರಿನವರು ಫಲಕ ನೆಟ್ಟಿದ್ದರು. ಉತ್ಸವದ ಮೇಲೆ ನೆರೆಯವರು ಕೋರ್ಟಿಗೆಳೆದರು. 1971ರಲ್ಲಿ ಜಮೀನು ಮಾರಿದರು, 1973ರಲ್ಲಿ ತೀರಿಕೊಂಡರು.

ಇವರನ್ನೆಲ್ಲ ಸೇರಿಸಿಕೊಂಡರೆ ಕತೆಯ ತೂಕ ಬೇರೆಯಾಗುತ್ತದೆ. ಆ ಒಳ್ಳೆಯತನ ಹೊಲದಲ್ಲಿ ಕೂತವರದ್ದಷ್ಟೇ ಅಲ್ಲ. ಅದರಲ್ಲಿ ಒಂದು ದೊಡ್ಡ ಪಾಲು ಹೊಲದ ಆಚೆಯವರದ್ದು; ಆ ಸಂಗೀತ ಇಷ್ಟವಿಲ್ಲದವರದ್ದು, ಆ ಉದ್ದ ಕೂದಲು ಕಂಡರಾಗದವರದ್ದು. ಇದನ್ನು ಹೇಳಲು ನಮ್ಮಲ್ಲಿ ತಕ್ಕ ಪದವಿದೆ: ಋಣ. ಉಂಡವರು ಉಂಡದ್ದನ್ನು ಮರೆಯಬಾರದು ಎಂಬುದು ನಾವು ಮಕ್ಕಳಿಗೆ ಕಲಿಸುವ ಮೊದಲ ನೀತಿಗಳಲ್ಲಿ ಒಂದು. ಈ ಕಣ್ಣಿನಿಂದ ನೋಡಿದರೆ ನೆನೆಯುವುದೆಂದರೆ ಬರೀ ಸುಖವಲ್ಲ, ಲೆಕ್ಕವೂ ಹೌದು. ನಮಗೆ ಸಂದದ್ದು ಎಲ್ಲಿಂದ ಬಂತು, ಕೊಟ್ಟವರು ಏನು ಕಳೆದುಕೊಂಡರು ಎಂಬ ಲೆಕ್ಕ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಲಾರೆ. ಎಪ್ಪತ್ತು ದಾಟಿದ ಒಬ್ಬ ಮುದುಕ, ಮೊಣಕಾಲು ನೋವಿನ ನಡುವೆ, ಹದಿನೆಂಟನೆಯ ವಯಸ್ಸಿನ ಮೂರು ದಿನಗಳನ್ನು ನೆನೆದು ನಗುತ್ತಾನೆ. ಅವನ ಮುಂದೆ ಟ್ರ್ಯಾಕ್ಟರಿನ ಕತೆ ತೆಗೆಯಲು ನಾನು ಯಾರು? ಸಂತೋಷದ ನೆನಪಿಗೂ ಸುಂಕ ಕಟ್ಟಬೇಕೇ? ಬೇಡ. ಅವನು ತನ್ನಷ್ಟಕ್ಕೆ ನೆನೆಯುವವರೆಗೆ ಆ ನೆನಪು ಅವನ ಸ್ವಂತದ್ದು. ಅದೇ ನೆನಪನ್ನು ಪ್ರಮಾಣಪತ್ರದಂತೆ ಹಿಡಿದು 'ನಾವು ಹಾಗಿದ್ದೆವು, ಈಗಿನ ಹುಡುಗರು ಹೀಗೆ' ಅಂದಾಗ ಮಾತ್ರ ಲೆಕ್ಕ ಕೇಳುವ ಹಕ್ಕು ನಮಗೆ ಬರುತ್ತದೆ. ಏಕೆಂದರೆ ಆಗ ಅದು ಇನ್ನೊಬ್ಬರ ಮೇಲೆ ಕೊಟ್ಟ ತೀರ್ಪಾಗುತ್ತದೆ.

ಹೀಗೆ ತೀರ್ಪು ಕೊಟ್ಟದ್ದಕ್ಕೆ ನಿದರ್ಶನವೂ ಇದೆ. 1999ರ ಜುಲೈನಲ್ಲಿ ಮೂವತ್ತನೆಯ ವರ್ಷದ ನೆಪದಲ್ಲಿ ಅದೇ ಹೆಸರಿನ ಉತ್ಸವ ನಡೆಯಿತು. ಮೊದಲ ಉತ್ಸವದ ಮೈಕೆಲ್ ಲ್ಯಾಂಗ್ ಇದರ ಸಂಘಟಕರಲ್ಲೂ ಒಬ್ಬರು. ಈ ಸಲ ಹೊಲವಲ್ಲ, ರೋಮ್ ಎಂಬ ಊರಿನ ಹಳೆಯ ವಾಯುನೆಲೆ. ನೆರಳಿಲ್ಲದ ಡಾಂಬರು, ಸುಡುವ ಬಿಸಿಲು. ಬೇಲಿ ಈ ಸಲ ಗಟ್ಟಿಯಾಗಿತ್ತು. ಟಿಕೆಟ್ 150 ಡಾಲರ್, ಒಂದು ಬಾಟಲಿ ನೀರಿಗೆ 4 ಡಾಲರ್. ಕೊನೆಯ ರಾತ್ರಿ ಬೆಂಕಿ, ಲೂಟಿ. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆದ ದೂರುಗಳು. ತಲೆಮಾರೇ ಕೆಟ್ಟಿದೆ ಅಂದವರು ಬಹಳ. ಹಿಂಸೆ ಮಾಡಿದವರ ಹೊಣೆಯನ್ನು ನಾನು ಕಳೆಯುತ್ತಿಲ್ಲ. ಆದರೆ ಎರಡು ಉತ್ಸವಗಳ ನಡುವೆ ಬದಲಾದದ್ದು ಹುಡುಗರ ಗುಣ ಒಂದೇ ಎಂದು ನಂಬಲು ಸಾಧ್ಯವಿಲ್ಲ. ಹಾಗೆ ನೋಡಿದರೆ 1969ರ ಡಿಸೆಂಬರ್‌ನಲ್ಲೇ, ವುಡ್‌ಸ್ಟಾಕ್ ಮುಗಿದು ನಾಲ್ಕು ತಿಂಗಳೊಳಗೆ, ಅದೇ ತಲೆಮಾರಿನವರು ಸೇರಿದ್ದ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಾರ್ಯಕ್ರಮದಲ್ಲಿ ವೇದಿಕೆಯ ಮುಂದೆಯೇ ಕೊಲೆಯಾಯಿತು.

ತಪ್ಪು ನೆನಪಿನ ಬೆಲೆ ಇದು. ಮೊದಲ ವುಡ್‌ಸ್ಟಾಕ್ ಹಾಡಿನಿಂದ, ಹೆಸರಿನಿಂದ, ನಮ್ಮ ಗುಣದಿಂದ ಸಾಧ್ಯವಾಯಿತೆಂದು ನೆನೆದವರು ಹಾಡನ್ನೂ ಹೆಸರನ್ನೂ ಮತ್ತೆ ತಂದರು, ನೀರನ್ನು ಮರೆತರು. ಯಾಸ್ಗರ್ ಪುಕ್ಕಟೆ ಕೊಟ್ಟ ನೀರು ಯಾರಾದರೂ ನೆನಪಿಟ್ಟುಕೊಂಡಿದ್ದರೆ 4 ಡಾಲರಿನ ಬಾಟಲಿ ಇಡುವ ಮೊದಲು ಕೈ ಹಿಂದೆಗೆಯುತ್ತಿತ್ತೋ ಏನೋ.

ಕನ್ನಡದಲ್ಲಿ 'ನೆನೆ' ಎಂಬ ಒಂದೇ ಕ್ರಿಯಾಪದಕ್ಕೆ ಒದ್ದೆಯಾಗುವುದು, ನೆನಪಿಸಿಕೊಳ್ಳುವುದು ಎಂಬ ಎರಡೂ ಅರ್ಥಗಳಿವೆ. ಬೆಥೆಲ್‌ನ ಆ ಜಾಗದಲ್ಲಿ 2008ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಅಂದು ಮಳೆಯಲ್ಲಿ ನೆನೆದವರ ಮಾತುಗಳನ್ನು ಅವರು ಬದುಕಿರುವಾಗಲೇ ದಾಖಲಿಸಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತಿದೆ. ಅವರು ಯಾವ ಹಾಡು ಕೇಳಿದರು ಎಂದು ಹಲವರು ಕೇಳುತ್ತಾರೆ. ಯಾರ ಕೈಯಿಂದ ನೀರು ಕುಡಿದರು ಎಂದೂ ಯಾರಾದರೂ ಕೇಳಲಿ.