ಆಸರೆಯೋ, ಅಧೀನತೆಯೋ?

ಪರೋಪಕಾರವು ಪುಣ್ಯಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಪಕಾರ ಪಡೆದವನು ಆ ಬಳಿಕ ಉಪಕಾರಿಯನ್ನು ಇನ್ನಷ್ಟು ಅವಲಂಬಿಸಬೇಕಾದರೆ ಅದನ್ನು ಪೂರ್ಣ ಉಪಕಾರವೆನ್ನಬಹುದೇ? ಕೈಕಾಲುಗಳಲ್ಲಿ ಬಲವಿಲ್ಲದ ವಿದ್ಯಾರ್ಥಿಗಳ ವಿಷಯದಲ್ಲಿ ಈ ಪ್ರಶ್ನೆಯು ಬಹು ಸೂಕ್ಷ್ಮವಾದುದು.

ನಡೆಯಲಾರದ ಮಗುವನ್ನು ತಾಯಿಯು ಎತ್ತಿಕೊಂಡು ಶಾಲೆಗೆ ತರುತ್ತಾಳೆ. ಸಹಪಾಠಿಗಳು ಮೆಟ್ಟಿಲು ಹತ್ತಿಸುತ್ತಾರೆ. ಇದು ಪ್ರೀತಿ, ಹಳಿಯತಕ್ಕದ್ದಲ್ಲ. ಆದರೆ ಹತ್ತು ಹನ್ನೆರಡು ವರ್ಷ ತುಂಬಿದಾಗ ಆ ಮಗುವಿಗೆ ಲಜ್ಜೆ ಮೂಡುತ್ತದೆ. ಶೌಚಕ್ಕೆ ಹೋಗಬೇಕೆಂದು ಪರರನ್ನು ಕೇಳಲು ನಾಚಿ, ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದೆ ಕುಳಿತಿರುವ ಮಕ್ಕಳಿದ್ದಾರೆ. ಈ ನಿರ್ಜಲ ಉಪವಾಸವನ್ನು ಯಾರೂ ತಪಸ್ಸೆಂದು ಕರೆಯಲಾರರು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಹಾದಿ, ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಬಾಗಿಲು, ಶೌಚಾಲಯದ ಗೋಡೆಗೊಂದು ಹಿಡಿಕೆ, ಇಷ್ಟರಿಂದಲೇ ಅದು ತಪ್ಪಬಹುದು. ಗಾಲಿಕುರ್ಚಿಗಳಲ್ಲಿಯೂ ಭೇದವುಂಟು. ಚಿಕ್ಕ ಗಾಲಿಯದು ತಳ್ಳುವವನು ಕೊಂಡೊಯ್ದತ್ತ ಹೋಗುತ್ತದೆ. ದೊಡ್ಡ ಗಾಲಿಗೆ ಹೊರಬಳೆಯಿರುವುದನ್ನು ಕುಳಿತವನೇ ತಿರುಗಿಸಬಲ್ಲನು.

1968ರ ಸುಮಾರಿಗೆ ಜಯಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ಡಾ. ಪಿ.ಕೆ. ಸೇಠಿಯವರು ರೂಪಿಸಿದ ಕೃತಕ ಪಾದದ ಹಿರಿಮೆಯೂ ಇದೇ. ವಿದೇಶೀ ಪಾದಗಳು ಬೂಟಿನೊಳಗಿರಲು ತಯಾರಾದವು. ರಬ್ಬರಿನ ಈ ಪಾದದಿಂದ ಬರಿಗಾಲಲ್ಲಿ ನಡೆಯಬಹುದು, ಕುಕ್ಕುರುಗಾಲಲ್ಲಿ ಕೂರಬಹುದು, ಶಾಲೆಯ ನೆಲದ ಮೇಲೆ ಎಲ್ಲರೊಡನೆ ಚಕ್ಕಳಮಕ್ಕಳ ಹಾಕಬಹುದು. ಭಗವಾನ್ ಮಹಾವೀರರ ಹೆಸರಿನಲ್ಲಿ 1975ರಲ್ಲಿ ಜಯಪುರದಲ್ಲಿ ಸ್ಥಾಪಿತವಾದ ಸಮಿತಿಯು ಇದನ್ನು ಉಚಿತವಾಗಿ ಜೋಡಿಸುತ್ತ ಬಂದಿರುವುದು ಸಮಾಜಕ್ಕೆ ಹೆಮ್ಮೆಯ ಸಂಗತಿ.

ಬರೆಯಲಾಗದ ಕೈಯ ಕಷ್ಟ ಬೇರೆ ಬಗೆಯದು. ಬರೆಯಲು ತೊಡಕುಳ್ಳ ಅಭ್ಯರ್ಥಿಗೆ ಲಿಪಿಕಾರನನ್ನು ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿದೆ. ಆದರೆ ಲಿಪಿಕಾರನು ದಣಿದನೆಂದು ಕಂಡರೆ ಸಂಕೋಚದ ಹುಡುಗನು ಉತ್ತರವನ್ನೇ ಮೊಟಕುಗೊಳಿಸುತ್ತಾನೆ. ಯಂತ್ರದೆದುರು ಆ ಸಂಕೋಚ ಬೇಕಿಲ್ಲ. 2017ರಿಂದ ಕನ್ನಡ, ಮರಾಠಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ ಮಾತುಗಳನ್ನು ಗೂಗಲ್‌ನ ಕೀಲಿಮಣೆಯು ಅಕ್ಷರವಾಗಿಸುತ್ತಿದೆ. ಗದ್ದಲದ ತರಗತಿಯಲ್ಲಿ ಅದು ತಪ್ಪುವುದೂ ಉಂಟು. ಮೆದುಳಿನ ಪಾರ್ಶ್ವವಾಯುವಿನಿಂದ ಉಚ್ಚಾರ ಅಸ್ಪಷ್ಟವಾದ ಮಗುವಿನ ಮಾತು ಅದಕ್ಕೆ ತಿಳಿಯದಿರಬಹುದು. ಅಂಥವರಿಗೆ ದೊಡ್ಡ ಗುಂಡಿಗಳ ಕೀಲಿಮಣೆ, ಅಥವಾ ಪರದೆಯ ಮೇಲೆ ಸರಿಯುವ ಅಕ್ಷರಗಳಲ್ಲಿ ಬೇಕಾದುದನ್ನು ಒತ್ತಿ ಆರಿಸುವ ಒಂದೇ ಗುಂಡಿಯ ಸಾಧನವುಂಟು. ನಿಧಾನವೇನೋ ನಿಜ, ಆದರೆ ವಾಕ್ಯವು ಮಗುವಿನದೇ ಆಗಿರುತ್ತದೆ.

ಬಟ್ಟೆಯ ವರ್ತಕನೂ ಅಳತೆಯಿಲ್ಲದೆ ಅಂಗಿ ಕೊಡುವುದಿಲ್ಲ. ಸಭೆಗಳಲ್ಲಿ ಮಾತ್ರ ಎಲ್ಲರಿಗೂ ಒಂದೇ ಗಾತ್ರದ ಕುರ್ಚಿ ಹಂಚಲಾಗುತ್ತದೆ! ಕೇಳಬೇಕಾದ ಮೊದಲ ಪ್ರಶ್ನೆ, "ನಿನಗೆ ಯಾವ ಕೆಲಸವನ್ನು ತಾನೇ ಮಾಡಬೇಕೆನಿಸುತ್ತದೆ?" ಎಂಬುದು. ಅದನ್ನು ಕೇಳುವವರು ವಿರಳ. ಮೇಲಾಗಿ ಮಗು ಬೆಳೆಯುತ್ತದೆ. ಹತ್ತು ವರ್ಷದವನಿಗೆ ತೊಡಿಸಿದ ಕ್ಯಾಲಿಪರ್ ಹದಿಮೂರಕ್ಕೆ ಗಿಡ್ಡವಾಗುತ್ತದೆ, ಪಟ್ಟಿ ಹರಿಯುತ್ತದೆ, ಗಾಲಿಯ ಗಾಳಿ ಇಳಿಯುತ್ತದೆ. ದುರಸ್ತಿಗೆ ಹಣ ಕೊಟ್ಟವರ ಹೆಸರನ್ನು ಶಿಲಾಫಲಕದಲ್ಲಿ ಕೆತ್ತಿಸುವ ರೂಢಿಯು ಇನ್ನೂ ಬಂದಂತಿಲ್ಲ.